ಕೂಪರೇಜ್ ಗ್ಯಾಲರಿಯಿಂದ ಕಂಡ ಫುಟ್‌ಬಾಲು: ನೌಕರಿ, ಕ್ಲಬ್ಬು ಮತ್ತು ಸಂಬಳದ ಕಥೆ

  ಇವತ್ತಿನ ಮಾತು ರಾಜಮನೆತನದ್ದಲ್ಲ, ಶಾಸನದ್ದೂ ಅಲ್ಲ. ಫುಟ್‌ಬಾಲಿನದು. ಅದೂ ಯುರೋಪಿನ ಫುಟ್‌ಬಾಲಲ್ಲ, ನಮ್ಮ ದೇಶದ್ದು. ನಾನು ಆಟಗಾರನಲ್ಲ, ಪತ್ರಕರ್ತನೂ ಅಲ್ಲ. ಮುಂಬೈಯ ಕೂಪರೇಜ್ ಮೈದಾನದ ಗ್ಯಾಲರಿಯಲ್ಲಿ ಸುಮಾರು ಮೂವತ್ತು ವರ್ಷ ಕೂತು ನೋಡಿದವನು, ಅಷ್ಟೇ. ಆ ಅಧಿಕಾರದಿಂದಲೇ ಮಾತಾಡ್ತೀನಿ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಹಿಂದಿನ ಕಾಲದ ನಮ್ಮ ಫುಟ್‌ಬಾಲ್ ಆಟಗಾರರು ಹೊಟ್ಟೆಗೆ ಏನು ಮಾಡ್ತಿದ್ದರು? ಯಾರು ಸಂಬಳ ಕೊಡ್ತಿದ್ದರು? ಆಟ ನಿಂತ ಮೇಲೆ ಅವರ ಗತಿ ಏನು? ಗೋಲುಗಳ ಲೆಕ್ಕ ಬರೆದಿಟ್ಟವರು ಬಹಳ ಜನ. ಈ ಲೆಕ್ಕ ಬರೆದವರು ಕಡಿಮೆ. ಆದರೆ ನಮ್ಮ ದೇಶದ ಫುಟ್‌ಬಾಲು ಯಾಕೆ ಮೇಲೆ ಬಂತು, ಯಾಕೆ ಕೆಳಗೆ ಹೋಯ್ತು ಅನ್ನೋದು ಈ ಲೆಕ್ಕದಲ್ಲೇ ಅಡಗಿದೆ ಅಂತ ನನ್ನ ನಂಬಿಕೆ.

ಕಂಟೋನ್ಮೆಂಟಿನಿಂದ ಬಂದ ಆಟ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಫುಟ್‌ಬಾಲು ನಮ್ಮಲ್ಲಿಗೆ ಬಂದದ್ದು ಬ್ರಿಟಿಷ್ ಪಲ್ಟನ್ನುಗಳ ಜೊತೆ. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಶುರುವಾಯ್ತು. 1891ರಲ್ಲಿ ಬೊಂಬಾಯಿಯಲ್ಲಿ ರೋವರ್ಸ್ ಕಪ್. ಮೊದಮೊದಲು ಇವೆಲ್ಲ ಗೋರಾ ಸಿಪಾಯಿಗಳ ಟೂರ್ನಿಗಳು. ಗೆದ್ದವರ ಪಟ್ಟಿ ನೋಡಿದರೆ ರೆಜಿಮೆಂಟುಗಳ ಹೆಸರೇ ಹೆಸರು. 1911ರಲ್ಲಿ ಮೋಹನ್ ಬಗಾನ್ ಕಲ್ಕತ್ತೆಯಲ್ಲಿ ಐಎಫ್‌ಎ ಶೀಲ್ಡ್ ಗೆದ್ದದ್ದು ಎಲ್ಲರಿಗೂ ಗೊತ್ತು. ಅದೇ ಬಗಾನ್ 1923ರಲ್ಲಿ ರೋವರ್ಸ್ ಫೈನಲ್ಲಿಗೆ ಬಂದು ಸೋತಿತು.

ಹಾಗಾದರೆ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಯಾವುದು? ಕಲ್ಕತ್ತೆಯದಲ್ಲ, ಬೊಂಬಾಯಿಯದೂ ಅಲ್ಲ. ಬೆಂಗಳೂರಿನದು! 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡ ಕಪ್ಪು ಎತ್ತಿತು. ಮರುವರ್ಷ 1938ರಲ್ಲಿ ಮತ್ತೆ ಅವರೇ ಗೆದ್ದರು. ಬೆಂಗಳೂರಿನ ಕಂಟೋನ್ಮೆಂಟ್ ಅಂದರೆ ಪಲ್ಟನ್ನುಗಳ ಊರು. ಸಿಪಾಯಿಗಳು ಆಡೋದನ್ನು ಬೇಲಿಯಾಚೆಯಿಂದ ನೋಡಿ ನೋಡಿ ಕಲಿತ ಹುಡುಗರು ಕೊನೆಗೆ ಆ ಸಿಪಾಯಿಗಳ ಕಪ್ಪನ್ನೇ ತಂದರು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬೆಂಗಳೂರಿನ ಫುಟ್‌ಬಾಲು ಬೆಳೆದದ್ದು ಹಲಸೂರು, ಆಸ್ಟಿನ್ ಟೌನ್, ಗೌತಮಪುರದಂಥ ಕಡೆ. ಅಲ್ಲಿನ ಮನೆಗಳಲ್ಲಿ ತಮಿಳು, ಉರ್ದು, ಇಂಗ್ಲಿಷ್ ಮಾತು ಹೆಚ್ಚು. ಹಾಗಾಗಿ ನಮ್ಮಲ್ಲಿ ಎಷ್ಟೋ ಜನ ಇವರನ್ನು 'ನಮ್ಮವರು' ಅಂತ ಎಣಿಸಲೇ ಇಲ್ಲ. ನಾನು ಎಣಿಸ್ತೀನಿ. ಮುಂಬೈಯಲ್ಲಿ ಕೂತು 'ನಾವೂ ಈ ಊರಿನವರೇ' ಅಂತ ಹೇಳುವ ನಾವು, ಬೆಂಗಳೂರಲ್ಲಿ ಹುಟ್ಟಿ ಬೆಳೆದವರನ್ನು ಹೊರಗಿನವರು ಅನ್ನೋಕೆ ಆಗುತ್ತಾ?

1948ರ ಲಂಡನ್ ಒಲಿಂಪಿಕ್ಸ್ ನೋಡಿ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್. ನಮ್ಮ ಫುಟ್‌ಬಾಲ್ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ 2-1ರಲ್ಲಿ ಸೋತೆವು. ಎರಡು ಪೆನಾಲ್ಟಿ ಕೈಜಾರಿದವು, ಇಲ್ಲದಿದ್ದರೆ ಗೆಲ್ಲುವ ಮ್ಯಾಚು ಅದು. ಅವತ್ತು ಭಾರತದ ಆ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ನಾಲ್ಕು ವರ್ಷದ ಮೇಲೆ, 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ನಮ್ಮನ್ನು 10-1ರಲ್ಲಿ ಚಚ್ಚಿ ಹಾಕಿತು. ಆ ಒಂದು ಗೋಲೂ ಬೆಂಗಳೂರಿನವರದೇ, ಅಹ್ಮದ್ ಖಾನ್ ಅವರದು. ಆ ಸೋಲಿನ ನಂತರವೇ ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿದ್ದು.

ಅಹ್ಮದ್ ಖಾನ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆಹ್ ಈ ಐದು ಜನರ ಮುಂಪಡೆಗೆ ಬಂಗಾಳಿಗಳು 'ಪಂಚಪಾಂಡವರು' ಅಂತ ಹೆಸರಿಟ್ಟರು. ಹೆಸರುಗಳನ್ನು ಗಮನಿಸಿ, ಕಲ್ಕತ್ತೆಯವರು ತಲೆ ಮೇಲೆ ಹೊತ್ತು ಮೆರೆಸಿದ ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಎಲ್ಲರೂ ದಕ್ಷಿಣದಿಂದ ಹೋದವರು. ಹೊಟ್ಟೆಪಾಡಿಗೆ ಊರು ಬಿಟ್ಟವರು, ನಮ್ಮ ಹಾಗೆ. ನಾವು ಹೋಟೆಲಿಗೆ, ಬ್ಯಾಂಕಿಗೆ, ಮಿಲ್ಲಿಗೆ ಬಂದೆವು. ಅವರು ಚೆಂಡು ಹಿಡಿದುಕೊಂಡು ಹೋದರು.

ಕೂಪರೇಜಿನ ಸಂಜೆಗಳು

ನಾನು ಮುಂಬೈಗೆ ಬಂದದ್ದು 1973ರಲ್ಲಿ, ಹದಿನಾರನೇ ವಯಸ್ಸಿಗೆ. ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ನಮ್ಮ ಕಡೆಯ ಸಾವಿರಾರು ಹುಡುಗರ ಕಥೆ ಇದೇ. ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸಂಜೆಯ ಚಹಾದ ಗಿರಾಕಿಗಳು ಬರುವ ಮುಂಚೆ ಸ್ವಲ್ಪ ಬಿಡುವು. ಕೂಪರೇಜಿಗೆ ನಡೆದೇ ಹೋಗಬಹುದು. ಸಂಜೆಯ ಪಾಳಿ ಯಾರಿಗಾದರೂ ಬದಲಿ ಕೊಟ್ಟರೆ ಪೂರ್ತಿ ಮ್ಯಾಚು, ಇಲ್ಲವಾದರೆ ಅರ್ಧ ಮ್ಯಾಚು. ಎಷ್ಟೋ ಮ್ಯಾಚುಗಳ ಫಲಿತಾಂಶ ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಗಿರಾಕಿಗಳು ಟೇಬಲ್ ಮೇಲೆ ಬಿಟ್ಟು ಹೋದ ಪೇಪರಿನಲ್ಲಿ.

ಕೂಪರೇಜ್ ದೊಡ್ಡ ಸ್ಟೇಡಿಯಂ ಅಲ್ಲ. ಕೂತರೆ ಆಟಗಾರರ ಉಸಿರು ಕೇಳಿಸುವಷ್ಟು ಹತ್ತಿರ. ಕಾಲಿಗೆ ಕಾಲು ತಾಗಿದ ಸದ್ದು, ಗೋಲ್‌ಕೀಪರ್ ಬೈಯೋದು, ಎಲ್ಲ ಕೇಳ್ತಿತ್ತು. ಕೈಯಲ್ಲಿ ಕಾಗದದ ಪೊಟ್ಟಣದ ಚನಾ-ಶಿಂಗ್. ಪಕ್ಕದಲ್ಲಿ ಗೋವಾದವರು, ಮಲಯಾಳಿಗಳು, ಬಂಗಾಳಿಗಳು, ಮಂಗಳೂರಿನ ಕ್ರಿಶ್ಚಿಯನ್ನರು, ಬಾಂದ್ರಾದ ಹುಡುಗರು, ಭೇಂಡಿ ಬಜಾರಿನ ಮಂದಿ. ರೆಫ್ರಿಯನ್ನು ಬೈಯೋಕೆ ಆರೇಳು ಭಾಷೆ. ನಾನು ಬಂಗಾಳಿಯಲ್ಲಿ ಕಲಿತ ಮೊದಲ ಮಾತುಗಳು ಇಲ್ಲಿ ಹೇಳುವಂಥವಲ್ಲ ಬಿಡಿ.

ಕಲ್ಕತ್ತೆಯ ತಂಡಗಳು ರೋವರ್ಸ್ ಆಡೋಕೆ ಬಂದಾಗ ಮಾತ್ರ ಗ್ಯಾಲರಿಯ ಬಣ್ಣವೇ ಬೇರೆ. ಈಸ್ಟ್ ಬೆಂಗಾಲಿನವರಿಗೆ ಇಲಿಶ್ ಮೀನು, ಮೋಹನ್ ಬಗಾನಿನವರಿಗೆ ಸಿಗಡಿ. ಗೆದ್ದವರ ಮನೆಯಲ್ಲಿ ಆ ದಿನ ಆಯಾ ಮೀನಿನ ಅಡುಗೆ. ಹತ್ತಾರು ವರ್ಷದಿಂದ ಮುಂಬೈಯಲ್ಲೇ ಇರುವ ಬಂಗಾಳಿ ಬಾಬುಗಳು, ಆಫೀಸಿನಲ್ಲಿ ಮಾತೇ ಆಡದವರು, ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಕುಣೀತಿದ್ದರು. ಊರು ಬಿಟ್ಟವನಿಗೆ ಊರಿನ ತಂಡ ಅಂದರೆ ಏನು ಅಂತ ನನಗೆ ಅರ್ಥ ಆದದ್ದು ಅಲ್ಲೇ.

ನಮಗೂ ಒಂದು ನೆಪ ಇತ್ತು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಉಲಗನಾಥನ್ ಮೋಹನ್ ಬಗಾನಿಗೆ ಆಡ್ತಿದ್ದರು. ಅವರಿಗಿಂತ ಮುಂಚೆ, 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ, ಅವರೂ ಬೆಂಗಳೂರಿನವರು, ಅವರೂ ಬಗಾನಿನವರು. ಬೆಂಗಳೂರಲ್ಲೇ ಆಡಿ ಬೆಳೆದು ಕಲ್ಕತ್ತೆಗೆ ಹೋದ ಪೂಂಗಂ ಕಣ್ಣನ್ ಅವರನ್ನು ಜರ್ಮನಿಯ ಕೋಚ್ ಡೆಟ್ಮಾರ್ ಕ್ರಾಮರ್ 'ಏಷ್ಯಾದ ಪೆಲೆ' ಅಂದಿದ್ದರು. ಹಾಗಾಗಿ ನಾವು ನಾಲ್ಕೈದು ಹೋಟೆಲ್ ಹುಡುಗರು ಬಂಗಾಳಿಗಳ ಮಧ್ಯೆ ಕೂತು 'ನಮ್ಮೂರಿನವರು ಕಣ್ರೀ!' ಅಂತ ಕೂಗೋದು. ನಮ್ಮಲ್ಲಿ ಒಬ್ಬನೂ ಆವರೆಗೆ ಬೆಂಗಳೂರು ನೋಡಿರಲಿಲ್ಲ, ಅದು ಬೇರೆ ಮಾತು!

ನೌಕರಿ ಕೊಟ್ಟ ಆಟ

ಈಗ ಸಂಬಳದ ವಿಷಯಕ್ಕೆ ಬರೋಣ. ಆಗ ಮುಂಬೈಯ ತಂಡಗಳ ಹೆಸರು ಕೇಳಿ: ಟಾಟಾ, ಮಫತ್‌ಲಾಲ್, ಓರ್ಕೆ ಮಿಲ್ಸ್, ಮಹೀಂದ್ರ ಅಂಡ್ ಮಹೀಂದ್ರ, ಏರ್ ಇಂಡಿಯಾ, ಆರ್‌ಸಿಎಫ್, ಸೆಂಟ್ರಲ್ ರೈಲ್ವೆ, ವೆಸ್ಟರ್ನ್ ರೈಲ್ವೆ, ಬ್ಯಾಂಕುಗಳು. ಇನ್ನೂ ಹಿಂದೆ ಕ್ಯಾಲ್ಟೆಕ್ಸ್ ಅನ್ನುವ ಎಣ್ಣೆ ಕಂಪನಿಯ ತಂಡ 1958ರಲ್ಲಿ ರೋವರ್ಸ್ ಗೆದ್ದಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಕೂಡ ಇಂಥ ಕಂಪನಿ ತಂಡಗಳಿಗೇ ಆಡಿದವರು. ಆ ಮ್ಯಾಚು 4-2ರಲ್ಲಿ ಗೆದ್ದು ಭಾರತ ಸೆಮಿಫೈನಲ್ ಮುಟ್ಟಿತ್ತು.

ಅಂದರೆ ವ್ಯವಸ್ಥೆ ಹೀಗಿತ್ತು: ಕಾಗದದ ಮೇಲೆ ಆಟಗಾರ ಹವ್ಯಾಸಿ. ಅವನು ಗುಮಾಸ್ತ, ಫಿಟ್ಟರ್, ಟಿಕೆಟ್ ಕಲೆಕ್ಟರ್, ಪೊಲೀಸ್. ಸಂಬಳ ಬರೋದು ಆ ಹುದ್ದೆಗೆ. ಆಡೋದು ಕಂಪನಿಯ ಹೆಸರಿಗೆ. ಹೈದರಾಬಾದಿನವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿನ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಗೆದ್ದಿತು. ಅವರ ಕೋಚ್ ಸೈಯದ್ ಅಬ್ದುಲ್ ರಹೀಮ್. ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟವರೂ ಅವರೇ. ಮೂಲತಃ ಅವರು ಮೇಷ್ಟ್ರು.

ಬೆಂಗಳೂರಲ್ಲಿ ಈ ಕೆಲಸ ಮಾಡಿದ್ದು ಸಾರ್ವಜನಿಕ ಉದ್ದಿಮೆಗಳು. ಎಚ್‌ಎಎಲ್, ಬಿಇಎಂಎಲ್, ಐಟಿಐ. ಎಲ್ಲಕ್ಕೂ ಸೈನ್ಯದ ಎಂಇಜಿ ಬೇರೆ. ಐಟಿಐ ಅಂದರೆ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ. 1977ರಲ್ಲಿ ಫೆಡರೇಷನ್ ಕಪ್ ಅಂತ ಹೊಸ ಟೂರ್ನಿ ಶುರುವಾಯ್ತು, ದೇಶದ ದೊಡ್ಡ ಕ್ಲಬ್ಬುಗಳಿಗೆಲ್ಲ ಒಂದೇ ಕಣ. ಮೊದಲ ಟೂರ್ನಿ ಕೇರಳದ ಎರ್ನಾಕುಲಂನಲ್ಲಿ. ಫೈನಲ್ಲಿನಲ್ಲಿ ಒಂದು ಕಡೆ ಮೋಹನ್ ಬಗಾನ್. ಇನ್ನೊಂದು ಕಡೆ ಬೆಂಗಳೂರಿನ ಐಟಿಐ. ಗೆದ್ದವರು ಯಾರು? ಐಟಿಐ, 1-0!

ಆ ವರ್ಷದ ಬಗಾನ್ ಅಂದರೆ ಸಾಮಾನ್ಯ ತಂಡ ಅಲ್ಲ. ಅದೇ 1977ರ ಸೆಪ್ಟೆಂಬರ್ 24ರಂದು ಪೆಲೆ ಕಲ್ಕತ್ತೆಗೆ ಬಂದರು, ನ್ಯೂಯಾರ್ಕಿನ ಕಾಸ್ಮಾಸ್ ತಂಡದ ಜೊತೆ. ಈಡನ್ ಗಾರ್ಡನ್ಸಿನಲ್ಲಿ ಬಗಾನ್ ವಿರುದ್ಧ ಮ್ಯಾಚು 2-2ರಲ್ಲಿ ಸಮ ಆಯ್ತು. ಅದೇ ವರ್ಷ ಬಗಾನ್ ಐಎಫ್‌ಎ ಶೀಲ್ಡ್, ಡ್ಯುರಾಂಡ್, ರೋವರ್ಸ್ ಮೂರನ್ನೂ ಬಾಚಿಕೊಂಡಿತು. ಪೆಲೆ ತಂಡಕ್ಕೂ ಸೋಲದ ಬಗಾನ್, ಫೋನು ಮಾಡುವ ಕಾರ್ಖಾನೆಯ ನೌಕರರಿಗೆ ಸೋತಿತ್ತು. ನಮ್ಮ ಹೋಟೆಲಿನ ಗಲ್ಲಾದ ಮೇಲಿದ್ದ ಕಪ್ಪು ಫೋನನ್ನು ತೋರಿಸಿ 'ಇದನ್ನು ಮಾಡಿದವರೇ ಬಗಾನನ್ನು ಸೋಲಿಸಿದ್ದು' ಅಂತ ನಾವು ಬಂಗಾಳಿ ಗಿರಾಕಿಗಳಿಗೆ ಎಷ್ಟು ದಿನ ಹೇಳಿದೆವೋ! ಒಬ್ಬರು ಸಿಟ್ಟಿಗೆದ್ದು ಟಿಪ್ಸ್ ಕೊಡೋದನ್ನೇ ನಿಲ್ಲಿಸಿದರು.

ಈ ನೌಕರಿ ಫುಟ್‌ಬಾಲನ್ನು ನಾನು ಹತ್ತಿರದಿಂದ ಕಂಡದ್ದು ಆಮೇಲೆ. ಎಂಬತ್ತರ ದಶಕದ ಆರಂಭದಲ್ಲಿ ನನಗೆ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಪಕ್ಕದ ಕೌಂಟರಿನಲ್ಲಿ ಬ್ಯಾಂಕಿನ ತಂಡದ ಆಟಗಾರರೊಬ್ಬರು. ಪ್ರಾಕ್ಟೀಸಿಗೆ ಅಂತ ಬೇಗ ಹೊರಡುವ ಅನುಮತಿ ಇತ್ತು. ಲೀಗ್ ಮ್ಯಾಚಿನ ಮರುದಿನ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಪಾಸ್‌ಬುಕ್ಕು ಬರೀತಿದ್ದರು. ಗಿರಾಕಿಗಳಿಗೆ ಅವರು ಯಾರು ಅಂತಲೇ ಗೊತ್ತಿಲ್ಲ. ನನಗೆ ಮಾತ್ರ ದಿನಾ ಎದೆ ಉಬ್ಬೋದು.

ಅವರು ಆಟ ನಿಲ್ಲಿಸಿದ್ದು ಮೂವತ್ತೆರಡನೇ ವಯಸ್ಸಿಗೆ, ಮೊಣಕಾಲು ಕೈಕೊಟ್ಟಾಗ. ಪ್ರಮೋಷನ್ ಪರೀಕ್ಷೆಗೆ ಓದೋಕೆ ಪುರುಸೊತ್ತೇ ಆಗಿರಲಿಲ್ಲ. ಅವರ ಜೊತೆ ಸೇರಿದವರೆಲ್ಲ ಆಫೀಸರ್ ಆಗಿದ್ದರು, ಇವರು ಕ್ಲರ್ಕೇ. ಒಂದು ದಿನ ಕೇಳಿದೆ, 'ಬೇಜಾರಿಲ್ವಾ ಸಾರ್?' ಅಂತ. 'ಮಾರಾಯ, ಇಪ್ಪತ್ತಾರು ವರ್ಷ ಇನ್ನೂ ಸಂಬಳ ಬರುತ್ತಲ್ಲ, ಪೆನ್ಷನ್ ಬರುತ್ತಲ್ಲ. ನನಗಿಂತ ಚೆನ್ನಾಗಿ ಆಡಿದವರಿಗೆ ಅದೂ ಇಲ್ಲ' ಅಂದರು. ಆ ಮಾತು ನನ್ನ ತಲೆಯಲ್ಲಿ ಉಳೀತು. ಈ ವಿಷಯದ ಮೇಲೆ ನಾನು ಯೋಚಿಸೋಕೆ ಶುರು ಮಾಡಿದ್ದು ಅಲ್ಲಿಂದಲೇ.

ನೌಕರಿ ಬೇಡ ಅಂದವರು

ಅದಕ್ಕೆ ತದ್ವಿರುದ್ಧದ ಮನುಷ್ಯ ಒಬ್ಬರಿದ್ದರು. ಹೈದರಾಬಾದಿನ ಮೊಹಮ್ಮದ್ ಹಬೀಬ್. ಹದಿನೇಳು ಹದಿನೆಂಟರ ಹೊತ್ತಿಗೆ ಕಲ್ಕತ್ತೆಗೆ ಹೋದವರು ಈಸ್ಟ್ ಬೆಂಗಾಲ್, ಮೋಹನ್ ಬಗಾನ್, ಮೊಹಮ್ಮಡನ್ ಸ್ಪೋರ್ಟಿಂಗ್ ಮೂರಕ್ಕೂ ಆಡಿದರು. 1970ರ ಏಷ್ಯನ್ ಗೇಮ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಪೆಲೆ ಬಂದ ದಿನ ಬಗಾನಿನ ಎರಡು ಗೋಲುಗಳಲ್ಲಿ ಒಂದು ಇವರದು, ಇನ್ನೊಂದು ಶ್ಯಾಮ್ ಥಾಪಾ ಅವರದು.

ಹಬೀಬ್ ಅವರಿಗೆ ನೌಕರಿಗಳು ತಾವಾಗಿ ಬಂದವು. ಅವರು ಬೇಡ ಅಂದರು. ನನ್ನ ಕೆಲಸ ಫುಟ್‌ಬಾಲು, ಇನ್ನೊಂದು ಕೆಲಸ ಯಾಕೆ ಅನ್ನೋದು ಅವರ ನಿಲುವು. ಅದಕ್ಕೇ ಅವರನ್ನು ಭಾರತದ ಮೊದಲ ನಿಜವಾದ ಪ್ರೊಫೆಷನಲ್ ಆಟಗಾರ ಅಂತ ಕರೀತಾರೆ. ನಮ್ಮಲ್ಲಿ ಪ್ರೊಫೆಷನಲ್ ಲೀಗ್ ಅನ್ನೋದೇ ಇಲ್ಲದ ಕಾಲದಲ್ಲಿ ಪ್ರೊಫೆಷನಲ್ ಆಗಿ ಬದುಕಿದವರು! ಮೈದಾನದಲ್ಲಿ ಅವರನ್ನು ನೋಡಿದವರಿಗೆ ಗೊತ್ತು, ಚೆಂಡು ಕಳೆದುಕೊಂಡರೆ ಅದನ್ನು ವಾಪಸ್ ತರೋವರೆಗೆ ನಿಲ್ಲೋ ಜನ ಅಲ್ಲ. ಅದು ಹಸಿವಿನ ಆಟ. 2023ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ತೀರಿಕೊಂಡರು.

ಕಲ್ಕತ್ತೆಯ ಕ್ಲಬ್ಬುಗಳಲ್ಲಿ ಹಣ ಓಡಾಡ್ತಿತ್ತು, ಆದರೆ ಬಹಿರಂಗವಾಗಿ ಅಲ್ಲ. ಪ್ರತಿ ವರ್ಷ ಆಟಗಾರರು ಐಎಫ್‌ಎ ಆಫೀಸಿಗೆ ಹೋಗಿ ಯಾವ ಕ್ಲಬ್ಬು ಅಂತ ಸಹಿ ಹಾಕಬೇಕು. ಆ ದಿನಗಳಲ್ಲಿ ಎದುರಾಳಿ ಕ್ಲಬ್ಬಿನವರು ಎತ್ತಿಕೊಂಡು ಹೋಗದ ಹಾಗೆ ಆಟಗಾರನನ್ನು ಯಾರದೋ ಮನೆಯಲ್ಲಿ ಬಚ್ಚಿಡುವುದು ಮಾಮೂಲು. ಇದನ್ನು ಕೇಳಿ ನಾವೆಲ್ಲ ನಗ್ತಿದ್ದೆವು. ಆದರೆ ಯೋಚಿಸಿ, ಕರಾರು ಒಂದು ವರ್ಷದ್ದು. ಕಾಲು ಮುರಿದರೆ ಮುಂದಿನ ವರ್ಷ ಬಚ್ಚಿಡೋಕೆ ಯಾರೂ ಬರೋದಿಲ್ಲ.

ಅಭಿಮಾನ ಎಷ್ಟು ಬಿಸಿಯಾಗಿತ್ತು ಅನ್ನೋದಕ್ಕೆ ಒಂದು ಕಪ್ಪು ದಿನವೂ ಇದೆ. 1980ರ ಆಗಸ್ಟ್ 16, ಈಡನ್ ಗಾರ್ಡನ್ಸಿನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಮ್ಯಾಚು. ಗ್ಯಾಲರಿಯಲ್ಲಿ ಗಲಾಟೆ, ಕಾಲ್ತುಳಿತ. 16 ಜನ ಸತ್ತರು. ಆಟ ನೋಡೋಕೆ ಅಂತ ಮನೆಯಿಂದ ಹೊರಟವರು. ಆ ಸುದ್ದಿ ಓದಿದ ಮೇಲೆ ಕೆಲವು ವಾರ ನಾನು ಮೈದಾನದ ಕಡೆ ಹೋಗಲಿಲ್ಲ.

ಅದೇ 1980ರಲ್ಲಿ ಈಸ್ಟ್ ಬೆಂಗಾಲಿಗೆ ಇರಾನಿನ ಮಜೀದ್ ಬಾಸ್ಕರ್ ಮತ್ತು ಜಮ್ಶೀದ್ ನಸ್ಸೀರಿ ಬಂದರು. ಅಲಿಗಢದಲ್ಲಿ ಓದುತ್ತಿದ್ದ ಹುಡುಗರು. ಮಜೀದ್ ಚೆಂಡು ಮುಟ್ಟಿದರೆ ಗ್ಯಾಲರಿ ಎದ್ದು ನಿಲ್ಲೋದು. ಅಂಥ ಸೊಗಸಾದ ಆಟಗಾರನನ್ನು ನಮ್ಮ ತಲೆಮಾರು ಇನ್ನೊಬ್ಬನನ್ನು ಕಂಡಿಲ್ಲ ಅಂತ ಹೇಳುವವರು ಇದ್ದಾರೆ. ಕೆಲವೇ ವರ್ಷಗಳಲ್ಲಿ ಅವರು ಮರೆಯಾದರು, ಇರಾನಿಗೆ ವಾಪಸ್ ಹೋದರು. 2019ರಲ್ಲಿ ಈಸ್ಟ್ ಬೆಂಗಾಲಿನ ನೂರನೇ ವರ್ಷಕ್ಕೆ ಕ್ಲಬ್ಬು ಅವರನ್ನು ಕರೆಸಿತು. ಬಿಳಿ ಕೂದಲಿನ ಮಜೀದರನ್ನು ನೋಡೋಕೆ ಅಜ್ಜಂದಿರು, ಮೊಮ್ಮಕ್ಕಳು ಎಲ್ಲ ವಿಮಾನ ನಿಲ್ದಾಣದಲ್ಲಿ ಕಾದಿದ್ದರು.

ಗ್ಯಾಲರಿ ಖಾಲಿಯಾದದ್ದು ಹೇಗೆ

ಎಂಬತ್ತರ ದಶಕದಲ್ಲಿ ಎರಡು ಸಂಗತಿ ಆದವು. ಒಂದು, 1982ರ ಜನವರಿಯಲ್ಲಿ ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಮುಂಬೈಯ ಮಿಲ್ಲುಗಳ ಮುಷ್ಕರ. ಲಕ್ಷಾಂತರ ಕಾರ್ಮಿಕರು ಬೀದಿಗೆ ಬಂದರು, ಮಿಲ್ಲುಗಳ ಜೀವವೇ ಹೋಯ್ತು. ಮಿಲ್ಲು ನಡೆಯದಿದ್ದ ಮೇಲೆ ಮಿಲ್ಲಿನ ತಂಡಕ್ಕೆ ಎಲ್ಲಿಯ ಉಸಿರು? ಪರೇಲ್, ಲಾಲ್‌ಬಾಗ್ ಕಡೆಯಿಂದ ಗ್ಯಾಲರಿಗೆ ಬರ್ತಿದ್ದ ಜನವೂ ಕರಗಿದರು.

ಎರಡನೆಯದು ಟಿವಿ. 1986ರ ವಿಶ್ವಕಪ್ಪನ್ನು ನಾವು ರಾತ್ರಿಯೆಲ್ಲ ಎದ್ದು ದೂರದರ್ಶನದಲ್ಲಿ ನೋಡಿದೆವು. ಮೆಕ್ಸಿಕೋದ ಮಧ್ಯಾಹ್ನ ನಮಗೆ ನಡುರಾತ್ರಿ. ಮರಡೋನಾ ಇಂಗ್ಲೆಂಡಿನವರನ್ನು ಒಬ್ಬೊಬ್ಬರಾಗಿ ದಾಟಿ ಗೋಲು ಹೊಡೆದದ್ದನ್ನು ಕಂಡ ಕಣ್ಣಿಗೆ, ಮರುವಾರ ಕೂಪರೇಜಿನ ಲೀಗ್ ಮ್ಯಾಚು ನಿಧಾನ ಅನ್ನಿಸಿತು. ಆಟ ನಿಧಾನವಾಗಿರಲಿಲ್ಲ, ಅದು ಮುಂಚಿನ ಹಾಗೇ ಇತ್ತು. ಬದಲಾದದ್ದು ನೋಡುವ ನಾವು. ಜೊತೆಗೆ 1983ರಲ್ಲಿ ಕಪಿಲ್ ದೇವ್ ತಂಡ ಕ್ರಿಕೆಟ್ ವಿಶ್ವಕಪ್ ತಂದ ಮೇಲೆ ಕಂಪನಿಗಳ ಜಾಹೀರಾತಿನ ಹಣವೆಲ್ಲ ಆ ಕಡೆಗೆ ಹರಿಯಿತು.

ಈ ಹಿನ್ನೆಲೆಯಲ್ಲೇ 1996ರ ಡಿಸೆಂಬರಿನಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾಯ್ತು. ಮೊದಲ ವರ್ಷ ಗೆದ್ದದ್ದು ಪಂಜಾಬಿನ ಫಗ್ವಾಡಾದ ಜೆಸಿಟಿ, ಅದೂ ಒಂದು ಬಟ್ಟೆ ಮಿಲ್ಲಿನ ತಂಡ. ಅದರಲ್ಲಿ ಐ. ಎಂ. ವಿಜಯನ್, ಬೈಚುಂಗ್ ಭುಟಿಯಾ, ಮತ್ತು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್.

ಚಾಪ್‌ಮನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತಯಾರಾದ ಮಿಡ್‌ಫೀಲ್ಡರ್. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಮ್ಯಾಚು 6-2. ಜೆಸಿಟಿ ಆದ ಮೇಲೆ 1997ರಲ್ಲಿ ಕೇರಳದ ಹೊಸ ಕ್ಲಬ್ಬು ಎಫ್‌ಸಿ ಕೊಚ್ಚಿನ್ ಸೇರಿದರು. ವಿಜಯನ್ನೂ ಅಲ್ಲಿಗೇ ಬಂದರು. ಕಂಪನಿಯ ತಂಡ ಅಲ್ಲ, ಪೊಲೀಸರದಲ್ಲ, ಶುದ್ಧ ಪ್ರೊಫೆಷನಲ್ ಕ್ಲಬ್ಬು. ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದಿತು, ಕೇರಳಕ್ಕೆ ಮೊದಲ ಡ್ಯುರಾಂಡ್. ನಾವೆಲ್ಲ ಅಂದುಕೊಂಡೆವು, ಇನ್ನು ಆಟಗಾರನಿಗೆ ಪಾಸ್‌ಬುಕ್ಕು ಬರೆಯುವ ಕೆಲಸ ತಪ್ಪಿತು ಅಂತ. ಆದರೆ ಕ್ಲಬ್ಬು ಹಣದ ಮುಗ್ಗಟ್ಟಿಗೆ ಸಿಕ್ಕಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಚಾಪ್‌ಮನ್ ಈಸ್ಟ್ ಬೆಂಗಾಲಿಗೆ ವಾಪಸ್ ಹೋಗಿ, ಅವರ ನಾಯಕತ್ವದಲ್ಲೇ ತಂಡ 2000-01ರ ನ್ಯಾಷನಲ್ ಲೀಗ್ ಗೆದ್ದಿತು. ಮುಂದೆ ಕೋಚ್ ಆದರು. 2020ರ ಅಕ್ಟೋಬರ್ 12ರಂದು ಬೆಂಗಳೂರಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಸುದ್ದಿ ಮುಟ್ಟಿತು?

ಲೀಗ್ ಬಂದ ಮೇಲೆ ಹಳೆಯ ಟೂರ್ನಿಗಳು ಬಡವಾದವು. ರೋವರ್ಸ್ ಕಪ್ 2000-01ರ ನಂತರ ನಡೆಯಲೇ ಇಲ್ಲ. ನೂರು ವರ್ಷ ದಾಟಿದ ಟೂರ್ನಿ ಸದ್ದಿಲ್ಲದೆ ನಿಂತು ಹೋಯಿತು. ಮುಂಬೈಯವರಿಗೆ ಉಳಿದ ಸಮಾಧಾನ ಮಹೀಂದ್ರ. ಹೆಸರು ಮಹೀಂದ್ರ ಯುನೈಟೆಡ್ ಅಂತ ಬದಲಾಗಿತ್ತು. 2005-06ರಲ್ಲಿ ಡೆರಿಕ್ ಪೆರೇರಾ ಅವರ ಕೋಚಿಂಗ್‌ನಲ್ಲಿ ನ್ಯಾಷನಲ್ ಲೀಗ್ ಗೆದ್ದರು. ಮುಂಬೈಗೆ ಮೊದಲ ಸಲ! 1962ರಿಂದ ಇದ್ದ ಈ ತಂಡವನ್ನು 2010ರಲ್ಲಿ ಕಂಪನಿ ಮುಚ್ಚಿತು. ಮರುವರ್ಷ 2011ರಲ್ಲಿ ಜೆಸಿಟಿಯೂ ಬಾಗಿಲು ಹಾಕಿತು. ಮೊದಲ ಲೀಗ್ ಗೆದ್ದ ತಂಡ ಹದಿನೈದು ವರ್ಷಕ್ಕೆ ಇಲ್ಲವಾಯಿತು.

ಹಾಗಾದರೆ ಯಾವುದು ಒಳ್ಳೆಯದು?

ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ, ನೀವು ಒಪ್ಪಬೇಕಾಗಿಲ್ಲ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳೋದಿಲ್ಲ. ಕಂಪನಿ ಫುಟ್‌ಬಾಲಿನಲ್ಲಿ ದೊಡ್ಡ ಕೊರತೆ ಇತ್ತು. ಆ ತಂಡಕ್ಕೆ ಊರು ಇರಲಿಲ್ಲ, ಅಭಿಮಾನಿ ಇರಲಿಲ್ಲ. ಬ್ಯಾಂಕಿನ ತಂಡ ಗೆದ್ದರೆ ಯಾರು ಕುಣೀತಾರೆ? ಆ ಬ್ಯಾಂಕಿನ ನೌಕರರೂ ಕುಣಿಯೋದಿಲ್ಲ. ಕೆಲಸ ಖಾಯಂ ಆದ ಮೇಲೆ ಆಟದ ಹಸಿವು ಕಡಿಮೆಯಾದವರನ್ನೂ ನೋಡಿದ್ದೇನೆ. ಬಹುಕಾಲ ನಮ್ಮ ದೇಶೀ ಮ್ಯಾಚುಗಳು 70 ನಿಮಿಷದ್ದು. ಜಗತ್ತು 90 ನಿಮಿಷ ಆಡ್ತಿತ್ತು. ನಾವು ಹಿಂದೆ ಬಿದ್ದದ್ದಕ್ಕೆ ಇಂಥ ಕಾರಣಗಳೂ ಇವೆ.

ಆದರೆ ಆ ವ್ಯವಸ್ಥೆ ಒಂದು ಮಾತು ಉಳಿಸಿಕೊಂಡಿತು. ಬಡವರ ಮನೆಯ ಹುಡುಗನಿಗೆ 'ನೀನು ಆಡು, ಮೊಣಕಾಲು ಹೋದರೂ ನಿನ್ನ ಮನೆಯಲ್ಲಿ ಒಲೆ ಉರಿಯುತ್ತೆ' ಅಂತ ಹೇಳಿತು. ಗೌತಮಪುರದ ಹುಡುಗನೊಬ್ಬ ಚೆನ್ನಾಗಿ ಆಡಿದರೆ ಐಟಿಐಯಲ್ಲೋ ಎಚ್‌ಎಎಲ್‌ನಲ್ಲೋ ಕೆಲಸ ಸಿಗಬಹುದು ಅನ್ನುವ ಆಸೆ ಇದ್ದದ್ದರಿಂದಲೇ ಅವನಪ್ಪ ಅವನನ್ನು ಮೈದಾನಕ್ಕೆ ಬಿಟ್ಟದ್ದು. ಆ ಕೆಲಸಗಳು ಕಡಿಮೆಯಾದ ಮೇಲೆ ಅಪ್ಪಂದಿರು ಮಕ್ಕಳನ್ನು ಟ್ಯೂಷನ್ನಿಗೆ ಕಳಿಸಿದರು. ಅವರನ್ನು ದೂರೋಕೆ ಬರುತ್ತಾ?

ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು 1946-47, 1952-53, 1967-68, 1968-69ರಲ್ಲಿ ಗೆದ್ದಿತ್ತು. ನಾಲ್ಕು ಸಲ. ಆಮೇಲೆ? ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಮೇಲೆ ಒಂದು ಸಲವೂ ಇಲ್ಲ. ಐದನೆಯದು ಬಂದದ್ದು 2023ರ ಮಾರ್ಚಿನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3-2ರಲ್ಲಿ. 54 ವರ್ಷದ ಕಾಯುವಿಕೆ. ನಡುವೆ ಒಂದು ಪೂರ್ತಿ ತಲೆಮಾರು ಹುಟ್ಟಿ, ಆಡಿ, ರಿಟೈರ್ ಆಯ್ತು.

ಹೊಸದನ್ನೂ ಒಪ್ಪಲೇಬೇಕು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ಬಾಯಿತು. ಕಂಠೀರವದಲ್ಲಿ ಹುಡುಗ ಹುಡುಗಿಯರು ನೀಲಿ ಅಂಗಿ ಹಾಕಿಕೊಂಡು ತೊಂಬತ್ತು ನಿಮಿಷ ನಿಂತೇ ಹಾಡ್ತಾರೆ. ಕಂಪನಿ ತಂಡಕ್ಕೆ ಯಾವತ್ತೂ ಸಿಗದ ಅಭಿಮಾನ ಅದು. ಮುಂಬೈ ಸಿಟಿ 2020-21ರಲ್ಲಿ ಐಎಸ್‌ಎಲ್ ಗೆದ್ದಿತು. ನೋಡಿದೆ, ಖುಷಿಪಟ್ಟೆ. ಆದರೆ ಆ ಹುಡುಗರು ಆಡೋದು ನೋಡುವಾಗಲೆಲ್ಲ ನನ್ನ ಬ್ಯಾಂಕಿನ ಗೆಳೆಯರ ಲೆಕ್ಕವೇ ತಲೆಗೆ ಬರುತ್ತೆ. ಇವರಲ್ಲಿ ಮೇಲಿನ ಹತ್ತಿಪ್ಪತ್ತು ಜನಕ್ಕೆ ಕೋಟಿ ಸಿಗಬಹುದು. ಬೆಂಚಿನ ಮೇಲೆ ಕೂತವನಿಗೆ, ಎರಡನೇ ಡಿವಿಷನ್ನಿನವನಿಗೆ, ಇಪ್ಪತ್ತೈದಕ್ಕೇ ಕಾಲು ಮುರಿದುಕೊಂಡವನಿಗೆ ಏನಿದೆ? ಲೀಗುಗಳು ಹುಟ್ಟಿದವು, ಹೆಸರು ಬದಲಾಯಿಸಿದವು, ಕ್ಲಬ್ಬುಗಳು ಬಂದವು, ಹೋದವು. ಈ ಪ್ರಶ್ನೆಗೆ ಉತ್ತರ ಹೇಳುವವರೆಗೆ ನಮ್ಮ ಪ್ರೊಫೆಷನಲ್ ಫುಟ್‌ಬಾಲು ಅರ್ಧ ಪ್ರೊಫೆಷನಲ್ಲೇ ಅಂತ ನಾನು ಹೇಳ್ತೀನಿ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಆಫೀಸಿನಲ್ಲಿ, ರೈಲ್ವೆಯಲ್ಲಿ, ಕಾರ್ಖಾನೆಯಲ್ಲಿ, ಬ್ಯಾಂಕಿನಲ್ಲಿ ಫುಟ್‌ಬಾಲ್ ಕೋಟಾದಲ್ಲಿ ಸೇರಿದ ಹಿರಿಯರು ಇದ್ದೇ ಇರುತ್ತಾರೆ. ಈಗ ರಿಟೈರ್ ಆಗಿ ಎಲ್ಲೋ ಡೊಂಬಿವಲಿಯಲ್ಲೋ, ಸಿಕಂದರಾಬಾದಿನಲ್ಲೋ, ಪೆರಂಬೂರಿನಲ್ಲೋ ಇದ್ದಾರು. ಒಂದು ಭಾನುವಾರ ಹೋಗಿ ಮಾತಾಡಿಸಿ. ಯಾವ ತಂಡ, ಯಾವ ವರ್ಷ, ಎಷ್ಟು ಸಂಬಳ, ಯಾವ ಕಾಲು ನೋಯುತ್ತೆ, ಎಲ್ಲ ಕೇಳಿ. ಹಳೆಯ ಫೋಟೋ ಇದ್ದರೆ ಹಿಂದೆ ಹೆಸರು ಬರೆಸಿಕೊಳ್ಳಿ. ಕಪ್ಪು ಗೆದ್ದವರ ಹೆಸರು ಪುಸ್ತಕದಲ್ಲಿ ಸಿಗುತ್ತೆ. ಉಳಿದವರದು ಇಂಥ ಮಾತುಕತೆಯಲ್ಲಿ ಮಾತ್ರ ಸಿಗೋದು, ಅದೂ ಅವರು ಇರೋವರೆಗೆ.